ನಿಮಗಿದು ಗೊತ್ತೇ? ಪೆಡಲು ನಿಲ್ಲದ ಸೈಕಲ್ಲಿನ ಸಂಗತಿಗಳು

ಕಬನೂರಿನಿಂದ ಇಚಲಕರಂಜಿಗೆ ಪಾಳಿಗೆ ಹೋಗುವ ಮಗ್ಗದ ಕೆಲಸಗಾರರ ಕರಿ ಸೈಕಲ್ಲಿಗೂ ಒಲಿಂಪಿಕ್ಸ್ ಟ್ರ್ಯಾಕಿನಲ್ಲಿ ಓಡುವ ಲಕ್ಷಗಟ್ಟಲೆ ರೂಪಾಯಿಯ ಸೈಕಲ್ಲಿಗೂ ಒಂದು ನಂಟಿದೆ. ಎರಡಕ್ಕೂ ಇರುವುದು ಒಂದೇ ಗೇರು. ಬೇರೆಯಾಗುವುದು ಹಿಂದಿನ ಗಾಲಿಯಲ್ಲಿ. ಊರ ಸೈಕಲ್ಲಿಗೆ ಫ್ರೀವೀಲು ಇದೆ, ಟ್ರ್ಯಾಕಿನ ಸೈಕಲ್ಲಿಗೆ ಇಲ್ಲ. ಫ್ರೀವೀಲಿಲ್ಲದ ಈ ‘ಫಿಕ್ಸಡ್ ಗೇರ್’ ಸೈಕಲ್ಲು ಈಗ ಪುಣೆ, ಬೆಂಗಳೂರಿನ ರಸ್ತೆಗೂ ಇಳಿದಿದೆ, ಹುಡುಗರು ಅದನ್ನು ‘ಫಿಕ್ಸಿ’ ಎನ್ನುತ್ತಾರೆ. ಅದರಲ್ಲಿ ದಿನಾ ಕೆಲಸಕ್ಕೆ ಹೋಗಿಬಂದರೆ ಏನು ಲಾಭ, ಏನು ತೊಂದರೆ?

ಫ್ರೀವೀಲಿನ ಹೊಟ್ಟೆಯೊಳಗೆ ಸ್ಪ್ರಿಂಗಿನ ಆಸರೆಯಲ್ಲಿ ನಿಂತ ಪುಟ್ಟ ಉಕ್ಕಿನ ನಾಲಿಗೆಗಳಿರುತ್ತವೆ. ಪೆಡಲು ತುಳಿದರೆ ಅವು ಹಲ್ಲಿಗೆ ಕಚ್ಚಿ ಗಾಲಿಯನ್ನು ಎಳೆಯುತ್ತವೆ. ತುಳಿಯುವುದು ಬಿಟ್ಟರೆ ಹಲ್ಲಿನ ಮೇಲೆ ಜಾರುತ್ತ ‘ಟಿಕ್ ಟಿಕ್’ ಎನ್ನುತ್ತವೆ. ಫಿಕ್ಸಿಯಲ್ಲಿ ಈ ಏರ್ಪಾಡೇ ಇಲ್ಲ, ಹಲ್ಲುಚಕ್ರವನ್ನು ನೇರವಾಗಿ ಹಬ್‌ಗೆ ಬಿಗಿದಿರುತ್ತಾರೆ. ಗಾಲಿ ತಿರುಗುವಷ್ಟು ಹೊತ್ತು ಪೆಡಲು ತಿರುಗುತ್ತದೆ, ಪೆಡಲು ತಿರುಗುವಷ್ಟು ಹೊತ್ತು ಕಾಲೂ ತಿರುಗಬೇಕು. ಹಿಂದಕ್ಕೆ ತುಳಿದರೆ ಸೈಕಲ್ಲು ಹಿಂದಕ್ಕೇ ಹೋಗುತ್ತದೆ.

ನೀವೂ ಫಿಕ್ಸಡ್ ಗೇರ್ ಓಡಿಸಿದ್ದೀರಿ, ಗೊತ್ತೇ? ಮಕ್ಕಳ ಮೂರುಗಾಲಿ ಸೈಕಲ್ಲಿನ ಪೆಡಲು ಮುಂದಿನ ಗಾಲಿಗೇ ಕೂಡಿರುತ್ತದೆ. ಅಂಗಳದಲ್ಲಿ ಮಗು ಹಿಂದಕ್ಕೆ ತುಳಿದು ಗೋಡೆಗೆ ಗುದ್ದುವುದು ಇದರಿಂದಲೇ.

ಸರ್ಕಸ್ಸಿನ ಸೈಕಲ್ಲೂ ಫಿಕ್ಸಡ್ ಗೇರೇ. ಒಂಟಿಗಾಲಿಯ ಸೈಕಲ್ಲಿನ ಮೇಲೆ ನಿಂತಲ್ಲೇ ಮುಂದೆ ಹಿಂದೆ ತೂಗುವುದು, ಹ್ಯಾಂಡಲ್ ಮೇಲೆ ಕೂತು ಹಿಂದಕ್ಕೆ ಸುತ್ತು ಹೊಡೆಯುವುದು, ಇವೆಲ್ಲ ಫ್ರೀವೀಲಿದ್ದರೆ ಆಗದ ಮಾತು. ಭಾರತೀಯ ಸರ್ಕಸ್ಸಿಗೆ 1880ರಲ್ಲಿ ನಾಂದಿ ಹಾಡಿದ ವಿಷ್ಣುಪಂತ ಛತ್ರೆ ನಮ್ಮ ನೆರೆಯ ಸಾಂಗ್ಲಿ ಸೀಮೆಯವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಂದ ‘ರೋವರ್’ ಸೈಕಲ್ಲೇ ಇಂದಿನ ಎಲ್ಲ ಸೈಕಲ್ಲುಗಳ ಮೂಲಪುರುಷ. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಗಾತ್ರ, ನಡುವೆ ಪೆಡಲು, ಹಿಂದಕ್ಕೆ ಚೈನು. ಅದಕ್ಕೆ ಫ್ರೀವೀಲು ಇರಲಿಲ್ಲ. ಆ ಕಾಲದ ಸೈಕಲ್ಲುಗಳ ಹಿಂದಿನ ಅಚ್ಚಿಗೆ ಹತ್ತಲಿಕ್ಕೆಂದೇ ಒಂದು ಮೆಟ್ಟಿಲು ಇರುತ್ತಿತ್ತು. ಸವಾರ ಅದರ ಮೇಲೆ ಎಡಗಾಲಿಟ್ಟು, ಬಲಗಾಲಿನಿಂದ ನೆಲ ಒದ್ದು, ಹಾರಿ ಸೀಟಿಗೆ ಕೂರುತ್ತಿದ್ದ.

ಮೆಟ್ಟಿಲು ಯಾಕೆ ಬೇಕಿತ್ತು? ನಮ್ಮ ಹಿರಿಯರು ಸೈಕಲ್ಲು ಹತ್ತುವ ರೀತಿ ನೋಡಿ. ಎಡಗಾಲನ್ನು ಎಡಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನಾಲ್ಕು ಹೆಜ್ಜೆ ನೂಕಿ, ಧೋತರ ಸಾವರಿಸಿಕೊಂಡು ಕಾಲು ದಾಟಿಸುತ್ತಾರೆ. ಎಡಪೆಡಲು ಕೆಳಗೆ ಅಲ್ಲಾಡದೆ ನಿಂತಿರುವುದರಿಂದಲೇ ಇದು ಸಾಧ್ಯ. ಫಿಕ್ಸಿಯಲ್ಲಿ ಗಾಲಿ ಉರುಳಿದ ಕೂಡಲೇ ಆ ಪೆಡಲು ಮೇಲೆದ್ದು ಕಾಲನ್ನು ಎತ್ತಿಬಿಡುತ್ತದೆ. ದೊಡ್ಡವರ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಅರ್ಧ ಪೆಡಲು ಹೊಡೆಯುತ್ತ ಕಲಿಯುವ ಮಕ್ಕಳ ಆಟವೂ ಇದರಲ್ಲಿ ನಡೆಯದು.

ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯ 1903ರಲ್ಲಿ ಶುರುವಾಯಿತು. ಗೇರು ಬದಲಿಸುವ ಡಿರೇಲರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚೆ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಹಲ್ಲುಚಕ್ರ ಇರುತ್ತಿದ್ದವು. ಬೆಟ್ಟದ ಬುಡ ಬಂದರೆ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಈಗಿನ ಫಿಕ್ಸಿಗಳಲ್ಲೂ ಇಂಥ ಎರಡು ಬದಿಯ ಹಬ್ ಸಿಗುತ್ತದೆ. ಒಂದು ಕಡೆ ಫಿಕ್ಸಡ್, ಇನ್ನೊಂದು ಕಡೆ ಫ್ರೀವೀಲು. ಕೊಳ್ಳುವುದಾದರೆ ಅಂಥದ್ದನ್ನೇ ಕೊಳ್ಳಿ. ಹೊಂದಿಕೆಯಾಗದಿದ್ದರೆ ಗಾಲಿ ತಿರುಗಿಸಿದರಾಯಿತು, ಸೈಕಲ್ಲು ಮಾರಬೇಕಾಗಿಲ್ಲ.

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ತಂದವರು ವಿಠ್ಠಲರಾವ್ ದಾತಾರ್, 1904ರಲ್ಲಿ. ಮಗ್ಗದವರಿಗೆ ಫಿಕ್ಸಡ್ ಗೇರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಾದಾ ಮಗ್ಗದಲ್ಲಿ ಮೇಲಿನ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದರೆ ಕೆಳಗಿನ ಶಾಫ್ಟು ಸರಿಯಾಗಿ ಒಂದು ಸುತ್ತು, ಅಷ್ಟರಲ್ಲಿ ಲಾಳಿ ಎರಡು ಸಲ ಹಾಯುತ್ತದೆ. ನಡುವೆ ಎಲ್ಲೂ ಸಡಿಲಿಲ್ಲ, ಒಂದು ನಿಂತರೆ ಎಲ್ಲ ನಿಲ್ಲಬೇಕು. ಆದರೆ ಹಳೆಯ ಮಗ್ಗಗಳ ಬದಿಯಲ್ಲಿ ಎರಡು ಪುಲ್ಲಿ ಇರುತ್ತಿದ್ದುದು ನೆನಪಿರಲಿ. ಒಂದು ಬಿಗಿಯಾದದ್ದು, ಇನ್ನೊಂದು ಸಡಿಲಾದದ್ದು. ನೂಲು ಹರಿದರೆ ಪಟ್ಟಾ ಸಡಿಲ ಪುಲ್ಲಿಗೆ ಜಾರಿ ಮಗ್ಗ ನಿಲ್ಲುತ್ತಿತ್ತು, ಜೊತೆಗೆ ಬ್ರೇಕೂ ಹಿಡಿಯುತ್ತಿತ್ತು. ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ಮಗ್ಗಕ್ಕೇ ಬ್ರೇಕು ಬೇಕೆಂದ ಮೇಲೆ ರಸ್ತೆಯಲ್ಲಿ ಓಡುವ ಸೈಕಲ್ಲಿಗೆ ಬೇಡವೇ?

ಲಾಭಗಳೂ ನಿಜವಾದವೇ. ಫಿಕ್ಸಿಯಲ್ಲಿ ಕೆಡುವ ಸಾಮಾನು ಕಡಿಮೆ. ಡಿರೇಲರ್ ಇಲ್ಲ, ಗೇರಿನ ವೈರಿಲ್ಲ, ಫ್ರೀವೀಲೂ ಇಲ್ಲ. ಚೈನಿಗೆ ಎಣ್ಣೆ, ಗಾಲಿಗೆ ಗಾಳಿ, ಅಷ್ಟಾದರೆ ವರ್ಷಗಟ್ಟಲೆ ಓಡುತ್ತದೆ. ತೂಕವೂ ಕಡಿಮೆ, ಮೊದಲ ಮಹಡಿಯ ಕೋಣೆಗೆ ಹೆಗಲ ಮೇಲೆ ಹೊತ್ತೊಯ್ಯಬಹುದು.

ಮಳೆಗಾಲದ ಲಾಭ ಇನ್ನೊಂದು. ಕರಿ ಸೈಕಲ್ಲಿನ ರಾಡ್ ಬ್ರೇಕು ಹೊಳೆಯುವ ಉಕ್ಕಿನ ರಿಮ್ಮಿಗೆ ತಾಗುತ್ತದೆ. ರಿಮ್ಮು ನೆನೆದರೆ ಬ್ರೇಕು ಹಿಡಿಯುವುದೇ ಇಲ್ಲ ಎನ್ನುವಷ್ಟು ಸೋಲುತ್ತದೆ. ಫಿಕ್ಸಿಯಲ್ಲಿ ಕಾಲಿನಿಂದ ತಡೆದು ವೇಗ ಇಳಿಸುವುದಕ್ಕೆ ರಿಮ್ಮಿನ ಹಂಗಿಲ್ಲ, ಮಳೆಯಲ್ಲೂ ಬಿಸಿಲಲ್ಲೂ ತಡೆತ ಒಂದೇ. ಗಾಲಿ ಜಾರುವ ಸುಳಿವೂ ನೇರ ಅಂಗಾಲಿಗೆ ತಿಳಿಯುತ್ತದೆ. ಪಳಗಿದ ಸವಾರರು ಇದನ್ನು ಮೆಚ್ಚುವುದರಲ್ಲಿ ಅರ್ಥವಿದೆ.

ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕಿಡದೆ, ಪೆಡಲನ್ನು ತುಸು ಮುಂದೆ ತುಸು ಹಿಂದೆ ಒತ್ತುತ್ತ ನಿಂತಲ್ಲೇ ನಿಲ್ಲುವವರನ್ನು ನೋಡಿದ್ದೀರಾ? ಅದು ಟ್ರ್ಯಾಕ್ ಸ್ಪ್ರಿಂಟಿನಿಂದ ಬಂದ ಪಟ್ಟು. ಎದುರಾಳಿಯನ್ನೇ ಮೊದಲು ಮುಂದೆ ಬಿಡಲು ಅಲ್ಲಿ ಹೀಗೆ ನಿಲ್ಲುತ್ತಾರೆ.

ಲೆಕ್ಕ ಇಷ್ಟವೇ? ಕರಿ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದೆ 18 ಹಲ್ಲು, 28 ಇಂಚಿನ ಗಾಲಿ ಎಂದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರು ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ತಾಸಿಗೆ 20 ಕಿಲೋಮೀಟರಿನ ಹತ್ತಿರ. ಫಿಕ್ಸಿಯ ಗಾಲಿ ತುಸು ಚಿಕ್ಕದು, ಅದಕ್ಕೆ 46–16 ಹಲ್ಲು ಹಾಕಿದರೆ ಸುತ್ತಿಗೆ ಸುಮಾರು 6 ಮೀಟರು. ಪಂಚಗಂಗೆಯ ಈ ಬಯಲಿನಲ್ಲಿ ಏರಿಳಿತ ಕಡಿಮೆ. ಕಬನೂರು, ಚಂದೂರು, ಇಚಲಕರಂಜಿಯ ಓಡಾಟಕ್ಕೆ ಒಂದೇ ಗೇರು ಸಾಕೋ ಸಾಕು.

ಘಟ್ಟಕ್ಕೆ ಹೋದರೆ ಕಥೆ ಬೇರೆ. ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿ ಘಾಟಿನಲ್ಲಿ ಇಳಿಯುವಾಗ ಸೈಕಲ್ಲು ತಾನಾಗಿಯೇ 40ರ ವೇಗ ಹಿಡಿದರೆ, ಅದೇ 46–16ರ ಫಿಕ್ಸಿಯಲ್ಲಿ ಕಾಲು ನಿಮಿಷಕ್ಕೆ 110 ಸುತ್ತು ತಿರುಗಬೇಕು. ವೇಗ 50 ಆದರೆ 138 ಸುತ್ತು. ಅಷ್ಟರಲ್ಲಿ ಪೆಡಲಿನಿಂದ ಕಾಲು ಜಾರಿತೋ, ಗಿರಗಿರ ತಿರುಗುವ ಪೆಡಲಿನ ಮೇಲೆ ಮತ್ತೆ ಕಾಲಿಡಲು ಬರುವುದಿಲ್ಲ, ಮೀನಖಂಡ ಸೀಳುತ್ತದೆ. ಬ್ರೇಕಿಲ್ಲದ ಫಿಕ್ಸಿಯನ್ನು ಘಾಟಿಗೆ ಒಯ್ಯಲೇಬೇಡಿ.

ಬ್ರೇಕಿಲ್ಲದವರು ನಿಲ್ಲುವುದು ಹೇಗೆ? ಮೈಭಾರವನ್ನು ಹ್ಯಾಂಡಲ್ ಕಡೆಗೆ ವಾಲಿಸಿ, ಹಿಂದಿನ ಗಾಲಿ ಹಗುರಾದ ಕ್ಷಣ ಪೆಡಲನ್ನು ಬಿಗಿಹಿಡಿದು ಗಾಲಿಯನ್ನು ಸರ್‍ರನೆ ಜಾರಿಸುತ್ತಾರೆ. ನೋಡಲು ಸೊಗಸು, ಟಾಯರಿಗೆ ದಂಡ. ಪೆಡಲು ಪ್ರತಿ ಸಲ ಒಂದೇ ಭಂಗಿಯಲ್ಲಿ ನಿಲ್ಲುವುದರಿಂದ ಟಾಯರು ಸವೆಯುವ ಜಾಗಗಳೂ ಮೊದಲೇ ಗೊತ್ತಾಗಿರುತ್ತವೆ. ಹಲ್ಲುಗಳ ಭಿನ್ನರಾಶಿಯನ್ನು ಸಂಕ್ಷೇಪಿಸಿ, ಕೆಳಗೆ ಉಳಿದ ಸಂಖ್ಯೆ ನೋಡಿ. 48–16 ಆದರೆ 3ಕ್ಕೆ 1, ಅಂದರೆ ಟಾಯರು ಒಂದೇ ಜಾಗದಲ್ಲಿ ಸವೆದು ಬೇಗ ತೂತಾಗುತ್ತದೆ. 46–16 ಆದರೆ 23ಕ್ಕೆ 8, ಎಂಟು ಜಾಗಕ್ಕೆ ಸವೆತ ಹಂಚಿಹೋಗುತ್ತದೆ. 47–17 ಆದರೆ ಹದಿನೇಳು ಜಾಗ! ಮುಂದೆ ಒಂದು ಹಲ್ಲು ಕಮ್ಮಿ ಜಾಸ್ತಿ ಮಾಡಿದರೆ ಟಾಯರಿನ ಆಯುಷ್ಯವೇ ಬದಲಾಗುತ್ತದೆ. ಐದನೇ ಇಯತ್ತೆಯಲ್ಲಿ ಕಲಿತ ಭಿನ್ನರಾಶಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮಕ್ಕಳಿಗೆ ಸಿಗಲಿಕ್ಕಿಲ್ಲ.

ಆದರೆ ಹೀಗೆ ಜಾರಿಸಿ ನಿಲ್ಲುವುದು ನಿಧಾನದ ದಾರಿ. ಸೈಕಲ್ಲು ನಿಧಾನವಾಗುವಾಗ ಭಾರವೆಲ್ಲ ಮುಂದಿನ ಗಾಲಿಗೆ ಬೀಳುತ್ತದೆ, ಹಿಂದಿನದಕ್ಕೆ ನೆಲದ ಹಿಡಿತವೇ ಉಳಿಯುವುದಿಲ್ಲ. ತಾಸಿಗೆ 20 ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ಐದೂವರೆ ಮೀಟರು ಸಾಗುತ್ತೀರಿ. ಬ್ರೇಕಿಗೆ ಕೈ ಹೋಗುವ ಮುನ್ನವೇ ಅಷ್ಟು ದೂರ ಮುಗಿದಿರುತ್ತದೆ. ಆಮೇಲೆ ಒಣ ಡಾಂಬರಿನ ಮೇಲೆ ಎರಡೂ ಬ್ರೇಕು ಹಿಡಿದರೆ ಮತ್ತೆ ಸುಮಾರು 3 ಮೀಟರಿಗೆ ನಿಲ್ಲಬಹುದು. ಹಿಂದಿನ ಗಾಲಿಯೊಂದನ್ನೇ ನಂಬಿದರೆ ಅದರ ಇಮ್ಮಡಿ ಬೇಕು. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರಿನ ಎರಡೆರಡು ಟ್ರಾಲಿಗಳು ಸಾಲಾಗಿ ಹೋಗುವ ರಸ್ತೆ ಇದು. ಆ ಮೂರು ಮೀಟರಿನಲ್ಲಿ ಜೀವ ಇದೆ.

ಸೀರೆ, ಧೋತರ, ಅಗಲ ಪಾಯಿಜಾಮ ಉಡುವವರು ಇದನ್ನು ಎರಡು ಸಲ ಓದಿ. ಊರ ಸೈಕಲ್ಲಿನ ಚೈನಿಗೆ ಸೆರಗೋ ಅಂಚೋ ಸಿಕ್ಕರೆ ತುಳಿಯುವುದು ನಿಲ್ಲಿಸಿದರೆ ಆಯಿತು, ಎಣ್ಣೆಯ ಕಲೆಯಷ್ಟೇ ಗತಿ. ಫಿಕ್ಸಿಯಲ್ಲಿ ಗಾಲಿ ನಿಲ್ಲುವ ತನಕ ಚೈನು ಬಟ್ಟೆಯನ್ನು ಒಳಗೆಳೆಯುತ್ತಲೇ ಇರುತ್ತದೆ. ಬಹಳಷ್ಟು ಫಿಕ್ಸಿಗಳಿಗೆ ಚೈನ್ ಕವರೇ ಇರುವುದಿಲ್ಲ.

ಬೆರಳು ಇನ್ನೂ ಅಪಾಯದಲ್ಲಿ. ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಗಾಲಿ ತಿರುಗಿಸುತ್ತ ಅರಿವೆಯಿಂದ ಚೈನು ಒರೆಸುವ ರೂಢಿ ನಮ್ಮಲ್ಲಿದೆ. ಫಿಕ್ಸಿಯಲ್ಲಿ ಅರಿವೆ ಹಲ್ಲಿಗೆ ಸಿಕ್ಕರೆ ಗಾಲಿಯ ಓಟವೇ ಬೆರಳನ್ನೂ ಎಳೆದುಕೊಳ್ಳುತ್ತದೆ. ಹೀಗೆ ಬೆರಳ ತುದಿ ಕಳೆದುಕೊಂಡವರು ಜಗತ್ತಿನ ಎಲ್ಲೆಡೆ ಇದ್ದಾರೆ. ಗಾಲಿ ಪೂರ್ತಿ ನಿಲ್ಲಿಸಿಯೇ ಒರೆಸಿ, ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ತಿರುವಿನಲ್ಲಿ ಒಳಬದಿಯ ಪೆಡಲನ್ನು ಮೇಲೆತ್ತಿ ಹಿಡಿಯಲು ಬರುವುದಿಲ್ಲ, ಜಾಸ್ತಿ ವಾಲಿದರೆ ಪೆಡಲು ನೆಲಕ್ಕೆ ಬಡಿಯುತ್ತದೆ. ಸ್ಪೀಡ್ ಬ್ರೇಕರಿನ ಮೇಲೂ ತುಳಿಯುತ್ತಲೇ ಸೀಟಿನಿಂದ ಏಳಬೇಕು. ಕ್ಯಾರಿಯರ್ ಮೇಲೆ ಬಟ್ಟೆಯ ಗಂಟೋ ಹಾಲಿನ ಕ್ಯಾನೋ ಇದ್ದರೆ ಅಷ್ಟು ಭಾರವನ್ನು ಕಾಲಿನಿಂದ ತಡೆದು ತಡೆದು ಮೊಣಕಾಲು ಸೋಲುತ್ತದೆ. ಹನ್ನೆರಡು ತಾಸು ಮಗ್ಗದ ಮುಂದೆ ನಿಂತು ಬಂದ ಕಾಲಿಗೆ ದಾರಿಯಲ್ಲಾದರೂ ವಿಶ್ರಾಂತಿ ಬೇಕು. ಈ ಸೈಕಲ್ಲು ಕೊಡದೇ ಇರುವುದು ಅದನ್ನೇ.

ಈಗ ರಿಪೇರಿ ಅಂಗಡಿಯವರಿಗೆ. ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಹಲ್ಲುಚಕ್ರದ ಮೇಲೆ ಇನ್ನೊಂದು ಬಿಗಿಯುವ ಉಂಗುರ ಬರುತ್ತದೆ, ಅದರ ಮರೆ ಉಲ್ಟಾ. ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಲು ನೋಡುತ್ತದೆ, ಆದರೆ ಅದೇ ದಿಕ್ಕಿನಲ್ಲಿ ಉಂಗುರ ಬಿಗಿಯಾಗುತ್ತ ಅದನ್ನು ತಡೆಯುತ್ತದೆ. ಖರ್ಚು ಉಳಿಸಲು ಹಳೆಯ ಫ್ರೀವೀಲಿಗೇ ವೆಲ್ಡಿಂಗ್ ಹೊಡೆದು ಫಿಕ್ಸಡ್ ಮಾಡುವ ಉಪಾಯ ಉಂಟು. ಅದರಲ್ಲಿ ಈ ಉಂಗುರ ಕೂರುವುದಿಲ್ಲ. ಜೋರಾಗಿ ಹಿಂದಕ್ಕೆ ಒತ್ತಿದ ದಿನ ಇಡೀ ಚಕ್ರ ಬಿಚ್ಚಿಕೊಂಡು, ಇದ್ದ ಒಂದೇ ಬ್ರೇಕೂ ಹೋಗುತ್ತದೆ. ಗಿರಾಕಿ ಎಷ್ಟೇ ಕೇಳಲಿ, ಮಾಡಿಕೊಡಬೇಡಿ. ಚೈನಿನ ಬಿಗಿತವನ್ನೂ ನೋಡಿಕೊಡಿ: ಜೋಲು ಬಿದ್ದ ಚೈನು ಕಳಚಿ ಸಿಕ್ಕಿಕೊಂಡರೆ ಹಿಂದಿನ ಗಾಲಿ ಓಡುತ್ತಿದ್ದಂತೆಯೇ ಲಾಕ್ ಆಗುತ್ತದೆ.

ಟ್ರ್ಯಾಕಿನಲ್ಲಿ ಮಾತ್ರ ಬ್ರೇಕೇ ಇರಕೂಡದು, ನಿಯಮವೇ ಹಾಗೆ. ಎಲ್ಲರೂ ಒಂದೇ ದಿಕ್ಕಿಗೆ ಓಡುವಾಗ ಒಬ್ಬ ಗಕ್ಕನೆ ಬ್ರೇಕು ಹಿಡಿದರೆ ಹಿಂದಿನವರೆಲ್ಲ ಬೀಳುತ್ತಾರೆ. ಜಪಾನಿನಲ್ಲಿ 1948ರಲ್ಲಿ ಹುಟ್ಟಿದ ಕೀರಿನ್ ಪಂದ್ಯ 2000ದಲ್ಲಿ ಒಲಿಂಪಿಕ್ಸ್ ಸೇರಿತು, ಅದೂ ಫಿಕ್ಸಡ್ ಗೇರೇ. ಒಂದು ತಾಸಿನಲ್ಲಿ ಎಷ್ಟು ದೂರ ಎಂಬ ಪ್ರಸಿದ್ಧ ದಾಖಲೆಯಲ್ಲೂ ಇದೇ ಸೈಕಲ್ಲು. 1972ರಲ್ಲಿ ಎಡ್ಡಿ ಮರ್ಕ್ಸ್ 49.431 ಕಿಲೋಮೀಟರು, 2022ರ ಅಕ್ಟೋಬರ್ 8ರಂದು ಇಟಲಿಯ ಫಿಲಿಪ್ಪೊ ಗಾನ್ನಾ 56.792 ಕಿಲೋಮೀಟರು. ಭಾರತದ ಹುಡುಗರು 2019ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ಪಿನ ತಂಡ ಸ್ಪ್ರಿಂಟಿನಲ್ಲಿ ಚಿನ್ನ ಗೆದ್ದರು, ಆ ತಂಡದಲ್ಲಿ ಅಂಡಮಾನ್-ನಿಕೋಬಾರಿನ ಈಸೊ ಆಲ್ಬೆನ್ ಇದ್ದರು. ನಮ್ಮ ವಿಜಯಪುರ, ಬಾಗಲಕೋಟೆ ಮತ್ತು ರಾಮದುರ್ಗ ತಾಲ್ಲೂಕಿನ ಚಂದರಗಿಯಿಂದ ಒಕ್ಕಲಿಗರ ಮನೆಯ ಮಕ್ಕಳು ಸೈಕ್ಲಿಂಗಿಗೆ ಬರುತ್ತಿರುವುದು ಕನ್ನಡಿಗರೆಲ್ಲ ಹೆಮ್ಮೆಪಡುವ ಸಂಗತಿ.

ಬ್ರಿಟನ್ನಿನ ಕಾನೂನು ರಸ್ತೆಯ ಸೈಕಲ್ಲಿಗೆ ಎರಡು ಬ್ರೇಕು ಕೇಳುತ್ತದೆ. ಫಿಕ್ಸಡ್ ಗಾಲಿಯನ್ನು ಹಿಂದಿನ ಬ್ರೇಕೆಂದು ಒಪ್ಪುತ್ತಾರೆ, ಮುಂದಿನದು ಇರಲೇಬೇಕು. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಟ್ರ್ಯಾಕ್ ಸೈಕಲ್ಲು ಬಡಿದು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಸವಾರನಿಗೆ ಮರುವರ್ಷ 18 ತಿಂಗಳ ಸೆರೆವಾಸವಾಯಿತು. ಶಿಕ್ಷೆಗೆ ಬಳಸಿದ್ದು ಕುದುರೆಗಾಡಿಗಳ ಕಾಲದ 1861ರ ಕಾಯ್ದೆ.

ಹಾಗಾದರೆ ಕಬನೂರಿನವರು ಯಾವುದನ್ನು ಓಡಿಸಬೇಕು? ಪಾಳಿಗೆ ಹೋಗುವವರಿಗೆ, ಭಾರ ಹೊರುವವರಿಗೆ, ಸೀರೆ-ಧೋತರದವರಿಗೆ ಒಂದು ಗೇರು, ಒಂದು ಫ್ರೀವೀಲು, ಎರಡು ಬ್ರೇಕಿನ ಸೈಕಲ್ಲೇ ಸರಿ. ಕಾಲಿಗೆ ಕಸುವು, ಕಲಿಯುವ ತಾಳ್ಮೆ ಎರಡೂ ಇರುವ ಹರೆಯದವರು ಫಿಕ್ಸಿ ಓಡಿಸಲಿ, ಸಂತೋಷ. ಮೊದಲು ಖಾಲಿ ಮೈದಾನದಲ್ಲಿ ಕಲಿಯಲಿ. ತುಳಿಯುವುದು ಮರೆತರೆ ಪೆಡಲು ಸೀಟಿನಿಂದಲೇ ಎತ್ತಿ ಒಗೆಯುತ್ತದೆ, ಆ ಪಾಠ ರಸ್ತೆಯಲ್ಲಿ ಬೇಡ. ಮುಂದಿನ ಗಾಲಿಗೆ ಒಳ್ಳೆಯ ಬ್ರೇಕು, ಚೈನಿಗೆ ಕವರು, ರಾತ್ರಿ ಪಾಳಿಯಿದ್ದರೆ ಹಿಂದೆ ಕೆಂಪು ದೀಪ ಇವಿಷ್ಟನ್ನು ಹಾಕಿಸಿಕೊಂಡೇ ಅಂಗಡಿಯಿಂದ ಹೊರಡಿ.