ಮಾದರಿ ಶಾಲೆಗೆ ಯಾವ ಬಣ್ಣ?

ನಮ್ಮ ಮಕ್ಕಳು ವಸ್ತುಪ್ರದರ್ಶನಕ್ಕಾಗಿ ನೀಲಗಿರಿ ರೈಲುಮಾರ್ಗದ ಮಾದರಿಯನ್ನು ರಚಿಸುತ್ತಿದ್ದಾರೆ. ಹಳಿಯ ಬದಿಯಲ್ಲಿ ನಮ್ಮ ಹಳೆಯ ಹೆಂಚಿನ ಶಾಲೆಯೂ ನಿಲ್ಲಲಿದೆ. ಮೂಲ ಕಟ್ಟಡ ಈಗಿಲ್ಲ. ಅದರ ಬಣ್ಣ ಬಲ್ಲವರು ನಾವು ಮಾತ್ರ. ಆದುದರಿಂದ ಈ ನಾಲ್ಕು ಮಾತು.

1:87 ಪ್ರಮಾಣದ ಮಾದರಿಯನ್ನು 2 ಅಡಿ ದೂರದಿಂದ ನೋಡುವುದೆಂದರೆ, ನಿಜ ಕಟ್ಟಡವನ್ನು 174 ಅಡಿ ದೂರದಿಂದ ನೋಡಿದಂತೆ. ದೂರದ ಬಣ್ಣ ತುಸು ಮಂಕಾಗಿ ಕಾಣುವುದು. ಹೆಂಚಿನ ಕೆಂಪಿಗೆ ಸ್ವಲ್ಪ ಬಿಳಿ, ಬೂದು ಬೆರೆಸಬೇಕು. ಹೊಳೆಯುವ ಬಣ್ಣ ಆಟಿಕೆಯಂತೆ ತೋರುವುದರಿಂದ ಹೊಳಪಿಲ್ಲದ ಅಕ್ರಿಲಿಕ್ ಲೇಸು. ಸ್ಪ್ರೇ ಬಣ್ಣದ ದ್ರಾವಕವು ಥರ್ಮೊಕೋಲನ್ನು ಕರಗಿಸುತ್ತದೆ. ರಟ್ಟು ಬಾಗದಂತೆ ಎರಡೂ ಬದಿಗೆ ತೆಳುವಾಗಿ ಬಳಿಯಬೇಕು. ಪ್ರದರ್ಶನದ ದೀಪದಡಿಯಲ್ಲೇ ಬಣ್ಣವನ್ನು ಪರೀಕ್ಷಿಸಬೇಕು.

ಆ ಗೋಡೆ ಯಾವ ಬಣ್ಣದ್ದೆಂಬುದನ್ನು ಹಿರಿಯ ವಿದ್ಯಾರ್ಥಿಗಳು ಮಕ್ಕಳಿಗೆ ತಿಳಿಸಿಕೊಡಬೇಕೆಂದು ಕೋರುತ್ತೇನೆ.