ಬರೆದುಕೊಡಿ ಎಂದು ಕೇಳಿದ ಏಳು ಆಟಗಾರರು

ವಾಚನಾಲಯದ ಬಾಗಿಲು ತೆರೆದೊಡನೆ ಪತ್ರಿಕೆಯ ಆಟದ ಪುಟಕ್ಕೇ ಮೊದಲು ಕೈ ಹಾಕುವ ವಾಚಕರು ನಮ್ಮಲ್ಲಿ ಕಡಮೆಯಿಲ್ಲ. ಅಲ್ಲಿ ಕಾಣುವ ಕ್ರಿಕೆಟಿಗರ ಗಳಿಕೆಯ ಲೆಕ್ಕ ಇಂದು ಕೋಟಿಗಳಲ್ಲಿದೆ. ಆದರೆ ಇದೇ ಆಟವನ್ನು ಹೊಟ್ಟೆಪಾಡಿಗಾಗಿ ಆಡುತ್ತಿದ್ದವರು ದಿನಗೂಲಿಯವರಿಗಿಂತ ಹೆಚ್ಚಿನ ಭದ್ರತೆಯಿಲ್ಲದೆ ಬದುಕಿದ ಕಾಲವೊಂದಿತ್ತು. ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ, 1881ರ ಬೇಸಗೆಯಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ತಂಡದ ಏಳು ಮಂದಿ ತಮ್ಮ ಕೆಲಸದ ಕರಾರನ್ನು ಬರೆದುಕೊಡಿರೆಂದು ಕ್ಲಬ್ಬನ್ನು ಕೇಳಿದರು. ಅದರ ಕಥೆಯಿದು.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಒಂದು ಭಾಗ. ಅಲ್ಲಿಯ ಸ್ಥಿತಿವಂತರು ಚಂದಾ ಹಾಕಿ ಕ್ಲಬ್ಬು ನಡೆಸುವರು. ಮೇ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ಅಕ್ಕಪಕ್ಕದ ಕೌಂಟಿಗಳೊಡನೆ ಮೂರು ಮೂರು ದಿನದ ಪಂದ್ಯಗಳು. ಅಧಿಕೃತ ಚಾಂಪಿಯನ್‌ಶಿಪ್ ಎಂಬುದು 1890ರಲ್ಲಷ್ಟೇ ಬಂದಿತು. ಅದಕ್ಕೆ ಮೊದಲು ಆ ವರ್ಷದ ಹಿರಿಯ ತಂಡ ಯಾವುದೆಂದು ಪತ್ರಿಕೆಗಳೇ ತೀರ್ಮಾನಿಸುತ್ತಿದ್ದವು.

ಆಟಗಾರರಲ್ಲಿ ಎರಡು ಜಾತಿ. ಹವ್ಯಾಸಕ್ಕಾಗಿ ಆಡುವ ದೊಡ್ಡ ಮನೆತನದವರು ಅಮೆಚೂರುಗಳು. ಹಣಕ್ಕಾಗಿ ಆಡುವವರು ಪ್ರೊಫೆಶನಲ್‌ಗಳು. ಅಂಕಪಟ್ಟಿಯಲ್ಲಿ ಮೊದಲಿನವರ ಹೆಸರಿಗೆ 'ಮಿಸ್ಟರ್' ಎಂಬ ಗೌರವ, ಎರಡನೆಯವರಿಗೆ ಬರಿಯ ಹೆಸರು. ಎಷ್ಟೋ ಮೈದಾನಗಳಲ್ಲಿ ಬಟ್ಟೆ ಬದಲಿಸುವ ಕೋಣೆಯೂ ಬೇರೆ. ಹಣ ಮುಟ್ಟದವರೆನಿಸಿಕೊಂಡ ಅಮೆಚೂರುಗಳಲ್ಲಿ ಕೆಲವರು 'ಖರ್ಚು' ಎಂಬ ಹೆಸರಿನಲ್ಲಿ ಪಡೆಯುತ್ತಿದ್ದುದು ಪ್ರೊಫೆಶನಲ್ಲನ ಸಂಪಾದನೆಯನ್ನು ಮೀರುತ್ತಿತ್ತು. ಡಾಕ್ಟರ್ ಗ್ರೇಸ್ ಮಹಾಶಯರದು ಇದರಲ್ಲಿ ಹೆಸರಾದ ಉದಾಹರಣೆ!

ಪ್ರೊಫೆಶನಲ್ಲನಿಗೆ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಐದಾರು ಪೌಂಡು. ಹೊಲದ ಕೂಲಿಯವನಿಗೆ ವಾರವಿಡೀ ದುಡಿದರೂ ಮುಕ್ಕಾಲು ಪೌಂಡಿನ ಆಸುಪಾಸು ಸಿಗುತ್ತಿದ್ದ ಕಾಲದಲ್ಲಿ ಇದು ಒಳ್ಳೆಯ ಪಗಾರವೆಂದೇ ತೋರುತ್ತದೆ. ಆದರೆ ರೈಲು ಖರ್ಚು, ಊಟ, ವಸತಿ ಎಲ್ಲವೂ ಅದರಲ್ಲೇ ಆಗಬೇಕು. ತಂಡಕ್ಕೆ ಆರಿಸಿದರೆ ಹಣ, ಆರಿಸದಿದ್ದರೆ ಇಲ್ಲ. ಕೈಗೆ ಪೆಟ್ಟು ಬಿದ್ದರೂ ಇಲ್ಲ. ಚಳಿಗಾಲದಲ್ಲಂತೂ ಆಟವೇ ಇಲ್ಲ. ವರ್ಷಗಟ್ಟಲೆ ಆಡಿದವನಿಗೆ 'ಬೆನಿಫಿಟ್' ಪಂದ್ಯವೊಂದನ್ನು ಕೊಡುವ ವಾಡಿಕೆಯಿತ್ತು; ಬಾಗಿಲ ಹಣ ಅವನದು. ಇದೇ ಅವನ ಗ್ರಾಚ್ಯುಟಿ. ಅದನ್ನು ಕೊಡುವುದು ಬಿಡುವುದು ಸಮಿತಿಯ ಮರ್ಜಿ, ಕೊಟ್ಟ ಮೇಲೆ ಮಳೆರಾಯನ ಮರ್ಜಿ. 1879ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಲ್ಫ್ರೆಡ್ ಷಾನ ಬೆನಿಫಿಟ್ ಮಳೆಗೆ ಕೊಚ್ಚಿಹೋಯಿತು. ಆಗ ಗ್ರೇಸ್ ತನ್ನ ಸನ್ಮಾನಕ್ಕೆಂದು ಗೊತ್ತಾಗಿದ್ದ ಪಂದ್ಯದ ಹಣವನ್ನೇ ಅವನಿಗೆ ಬಿಟ್ಟುಕೊಟ್ಟ. ಮೇಲೆ ಖರ್ಚಿನ ಮಾತಾಡಿದ್ದರಿಂದ ಇದನ್ನೂ ಹೇಳುವುದು ನ್ಯಾಯ.

ಈ ಷಾ ನಾಟಿಂಗ್‌ಹ್ಯಾಮ್ ಸಮೀಪದ ಬರ್ಟನ್ ಜಾಯ್ಸ್ ಹಳ್ಳಿಯವನು. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲದಲ್ಲಿ ಹಕ್ಕಿ ಓಡಿಸಿದವನು, ಅನಂತರ ಕೈಮಗ್ಗದಲ್ಲಿ ಹೆಣೆಯುವ ಕೆಲಸ ಕಲಿತವನು. 1877ರಲ್ಲಿ ಮೆಲ್ಬರ್ನಿನಲ್ಲಿ ಟೆಸ್ಟ್ ಕ್ರಿಕೆಟಿನ ಮೊತ್ತಮೊದಲ ಚೆಂಡನ್ನು ಎಸೆದವನೂ ಇವನೇ. ಅವನ ಚೆಂಡಿಗೆ ರನ್ನು ತೆಗೆಯುವುದು ಎಷ್ಟು ಕಷ್ಟವಾಗಿತ್ತೆಂದರೆ, ಜೀವಮಾನದಲ್ಲಿ ಅವನು ಕೊಟ್ಟ ರನ್ನುಗಳಿಗಿಂತ ಹಾಕಿದ ಓವರುಗಳೇ ಹೆಚ್ಚು! (ಆಗ ಓವರಿಗೆ ಬಹುತೇಕ ನಾಲ್ಕೇ ಚೆಂಡು ಎಂಬುದನ್ನು ಮರೆಯಬಾರದು.) ಅವನ ಗೆಳೆಯ ಆರ್ಥರ್ ಶ್ರೂಸ್‌ಬರಿ ಹದಿನಾಲ್ಕು ವರ್ಷ ಕಿರಿಯ, ಮುಂದೆ ಇಂಗ್ಲೆಂಡಿನ ಶ್ರೇಷ್ಠ ಬ್ಯಾಟುಗಾರನೆನಿಸಿದವನು. ಇಬ್ಬರೂ ಸೇರಿ ಆಟದ ಸಾಮಾನಿನ ವ್ಯಾಪಾರ ನಡೆಸುತ್ತಿದ್ದರು. ಲೆಕ್ಕಪತ್ರ ಬಲ್ಲವರು.

1880ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ದೇಶದ ಮೊದಲ ತಂಡವೆನಿಸಿತು. ಆ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನೆಲದ ಮೊದಲ ಟೆಸ್ಟ್ ಪಂದ್ಯ ಓವಲಿನಲ್ಲಿ ನಡೆದಾಗ, ಇಂಗ್ಲೆಂಡಿನ ಹನ್ನೊಂದು ಮಂದಿಯಲ್ಲಿ ಪ್ರೊಫೆಶನಲ್‌ಗಳು ಮೂವರೇ. ಷಾ, ಬಾರ್ನ್ಸ್, ಮಾರ್ಲಿ. ಮೂವರೂ ಈ ಕ್ಲಬ್ಬಿನವರೇ. ಮರುವರ್ಷ ಇವರೊಡನೆ ಶ್ರೂಸ್‌ಬರಿ, ಸೆಲ್ಬಿ, ಫ್ಲವರ್ಸ್, ಸ್ಕಾಟನ್ ಸೇರಿ ಏಳು ಮಂದಿ ಬೇಡಿಕೆಯಿಟ್ಟರು. ಹಂಗಾಮು ಪೂರ್ತಿ ಕೆಲಸವುಂಟೆಂದು ಕರಾರು ಬೇಕು. ಇಷ್ಟು ವರ್ಷ ಆಡಿದವನಿಗೆ ಬೆನಿಫಿಟ್ ಖಂಡಿತವೆಂದಾಗಬೇಕು. ತಾವೇ ಪಂದ್ಯಗಳನ್ನು ಏರ್ಪಡಿಸಿಕೊಳ್ಳುವ ಸ್ವಾತಂತ್ರ್ಯವೂ ಬೇಕು.

ಗಮನಿಸಬೇಕಾದ ಅಂಶವೆಂದರೆ, ಇಲ್ಲಿ ಮುಖ್ಯ ಪ್ರಶ್ನೆ ಪಗಾರ ಹೆಚ್ಚಳದ್ದಲ್ಲ, ನಾಳೆಯ ಭರವಸೆಯದು. ಸಮಿತಿಯ ಕಡೆಯಿಂದ ನೋಡಿದರೆ, ಏಳು ಸ್ಥಾನಗಳನ್ನು ಮೊದಲೇ ಕಟ್ಟಿಹಾಕಿದರೆ ಹೊಸ ಹುಡುಗರಿಗೆ ಜಾಗವೆಲ್ಲಿ ಎಂಬ ಪ್ರಶ್ನೆಯುಂಟು; ಅದನ್ನು ಪೂರಾ ತಳ್ಳಿಹಾಕುವಂತಿಲ್ಲ. ಆದರೆ ಕ್ಲಬ್ಬಿನ ಕಾರ್ಯದರ್ಶಿ ಕ್ಯಾಪ್ಟನ್ ಹೋಲ್ಡನ್ ಅದೇ ಕೌಂಟಿಯ ಪೊಲೀಸ್ ಮುಖ್ಯಾಧಿಕಾರಿಯೂ ಆಗಿದ್ದವನು. ಇಂತಹವನಿಗೆ ಕೈಕೆಳಗಿನವರು ಕೂಡಿ ಬಂದು ಷರತ್ತು ಹೇಳುವುದೇ ಅಪರಾಧವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬೇಡಿಕೆ ತಿರಸ್ಕೃತವಾಯಿತು, ಏಳು ಮಂದಿ ಹೊರಗುಳಿದರು.

ಮುಂಬಯಿಯ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ದುಡಿದ ಹಿರಿಯರಿಗೆ 'ಬದಲಿ' ಎಂಬ ಮಾತು ಚೆನ್ನಾಗಿ ಗೊತ್ತು. ಟ್ರೆಂಟ್ ಬ್ರಿಜ್ ಮೈದಾನಕ್ಕೂ ಆ ಬೇಸಗೆ ಬದಲಿಗಳು ಬಂದರು. ವಿಲಿಯಂ ಆಟ್‌ವೆಲ್ ಎಂಬ ತರುಣ ಕೌಂಟಿಗೆ ಆಡತೊಡಗಿದ್ದು ಆ ವರ್ಷವೇ. ಹಿಂದಿನ ವರ್ಷ ಕಾಲಿಟ್ಟಿದ್ದ ವಿಲಿಯಂ ಗನ್ನನಿಗೂ ಅವಕಾಶ ವಿಸ್ತರಿಸಿತು. ಇಬ್ಬರೂ ಮುಂದೆ ಇಂಗ್ಲೆಂಡಿಗೆ ಆಡಿದವರು. ಆದರೂ ಏಳು ಕಂಬ ಕಿತ್ತ ಮನೆ ನಿಲ್ಲುವುದೆಂತು? ಹಿರಿಯ ತಂಡವೆಂಬ ಪಟ್ಟ ಲ್ಯಾಂಕಾಶೈರಿಗೆ ಹೋಯಿತು.

ಒಗ್ಗಟ್ಟು ಬಹಳ ಕಾಲ ಬಾಳಲಿಲ್ಲ. ಹಂಗಾಮು ಮುಗಿಯುವುದರೊಳಗೆ ಐವರು ಸಮಿತಿಯೊಡನೆ ರಾಜಿಯಾದರು. ಅವರನ್ನು ಹಳಿಯುವುದು ಸುಲಭ. ಆದರೆ ಷಾ ಮತ್ತು ಶ್ರೂಸ್‌ಬರಿಗೆ ಅಂಗಡಿಯಿತ್ತು, ಆ ಚಳಿಗಾಲ ಆಸ್ಟ್ರೇಲಿಯಾಕ್ಕೆ ತಂಡ ಕಟ್ಟಿಕೊಂಡು ಹೋಗುವ ಯೋಜನೆಯಿತ್ತು. ಉಳಿದವರಿಗೆ ಇದ್ದದ್ದು ಆಟವೊಂದೇ. ಇವರಿಬ್ಬರೂ 1882ರಲ್ಲಿ ಹಿಂದಿರುಗಿದರು. ಬೇಡಿದ ಕರಾರು ಸಿಗಲಿಲ್ಲ. ಆ ವರ್ಷವೇ ಹೋಲ್ಡನ್ ಕಾರ್ಯದರ್ಶಿ ಪದವಿಯನ್ನು ಬಿಟ್ಟನು. 1883ರಿಂದ ಷಾನೇ ನಾಯಕನಾದನು, ಅವನ ನಾಯಕತ್ವದ ನಾಲ್ಕು ವರ್ಷವೂ ನಾಟಿಂಗ್‌ಹ್ಯಾಮ್‌ಶೈರೇ ಮೊದಲು.

ಏಳು ಮಂದಿಯ ಕೊನೆ ಒಂದೇ ತೆರನಾಗಿರಲಿಲ್ಲ. ಮಾರ್ಲಿ 1884ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ ತೀರಿಕೊಂಡ. ತಂಡದಲ್ಲಿ ಸ್ಥಾನ ಕಳೆದುಕೊಂಡ ಸ್ಕಾಟನ್ 1893ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅಂಗಡಿಯಿದ್ದ ಶ್ರೂಸ್‌ಬರಿಯೂ 1903ರಲ್ಲಿ ತನ್ನ ಕಾಯಿಲೆ ವಾಸಿಯಾಗದೆಂದು ನಂಬಿ ಅದೇ ದಾರಿ ಹಿಡಿದ. ಷಾ 1907ರಲ್ಲಿ ತೀರಿಕೊಂಡ. ಗೆಡ್ಲಿಂಗ್ ಊರಿನ ಚರ್ಚಿನ ಅಂಗಳದಲ್ಲಿ ಇಬ್ಬರ ಸಮಾಧಿಗಳೂ ಹತ್ತಿರ ಹತ್ತಿರವಿವೆ.

ಇನ್ನು ಬದಲಿಯಾಗಿ ಬೆಳೆದ ಗನ್ನನ ಸಂಗತಿ. 1896ರಲ್ಲಿ ಆಸ್ಟ್ರೇಲಿಯಾದ ವಿರುದ್ಧ ಓವಲಿನ ಟೆಸ್ಟ್ ಪಂದ್ಯಕ್ಕೆ ಮೊದಲು ಐವರು ಪ್ರೊಫೆಶನಲ್‌ಗಳು 10 ಪೌಂಡಿನ ಬದಲು 20 ಪೌಂಡು ಕೇಳಿದರು. ಮೂವರು ಹಿಂದೆ ಸರಿದು ಆಡಿದರು, ಇಬ್ಬರು ಆಡಲಿಲ್ಲ. ಆ ಇಬ್ಬರಲ್ಲೊಬ್ಬ ಇದೇ ವಿಲಿಯಂ ಗನ್. ಅಷ್ಟು ಹೊತ್ತಿಗೆ ಅವನಿಗೂ ಸ್ವಂತ ಬ್ಯಾಟಿನ ಕಂಪನಿಯಿತ್ತು. 1899ರಲ್ಲಿ ಟೆಸ್ಟ್ ಆಡಿದ ಪ್ರೊಫೆಶನಲ್‌ಗಳಿಗೆ ಸಿಕ್ಕಿದ್ದು 20 ಪೌಂಡು.