ಮನೆಯ ವೈ-ಫೈಗೆ ಮೊಬೈಲ್ ಸಂಪರ್ಕಗೊಳ್ಳದಿದ್ದಾಗ ದೋಷವನ್ನು ಗುರುತಿಸುವ ಕ್ರಮ

ಭಾರತ್‌ನೆಟ್ ಯೋಜನೆಯಡಿ ಆಪ್ಟಿಕಲ್ ಫೈಬರ್ ಗ್ರಾಮ ಪಂಚಾಯಿತಿಗಳನ್ನು ತಲುಪಿದ ನಂತರ ಹಳ್ಳಿಯ ಮನೆಗಳಲ್ಲಿಯೂ ವೈ-ಫೈ ಬಳಕೆಗೆ ಬಂದಿದೆ. ಸಂಪರ್ಕ ದೊರೆಯದಿದ್ದಾಗ ಅನೇಕರು ಅವಸರದಲ್ಲಿ ಮೊಬೈಲನ್ನು ‘ಫ್ಯಾಕ್ಟರಿ ರೀಸೆಟ್’ ಮಾಡುವುದುಂಟು. ಇದರಿಂದ ಫೋನಿನಲ್ಲಿರುವ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ. ಆ ಫೋನು ಕಾಯಕ ಬಂಧುವಿನದಾಗಿದ್ದು, ಕೂಲಿಕಾರರ ಹಾಜರಾತಿ ಛಾಯಾಚಿತ್ರಗಳು ಇನ್ನೂ ಅಪ್‌ಲೋಡ್ ಆಗದೆ ಅದರಲ್ಲಿಯೇ ಉಳಿದಿದ್ದರೆ, ಅವರ ಕೂಲಿ ಪಾವತಿಗೇ ತೊಡಕಾಗುತ್ತದೆ. ಆದುದರಿಂದ ದೋಷ ಎಲ್ಲಿದೆ ಎಂಬುದನ್ನು ಮೊದಲು ತಿಳಿಯುವುದು ಅವಶ್ಯ.

ಮೊದಲ ಪರೀಕ್ಷೆ: ಅದೇ ಸ್ಥಳದಲ್ಲಿ ಮತ್ತೊಂದು ಮೊಬೈಲನ್ನು ಅದೇ ವೈ-ಫೈಗೆ ಜೋಡಿಸಿ ನೋಡಬೇಕು. ಅದರಲ್ಲಿ ಇಂಟರ್ನೆಟ್ ಬಂದರೆ ಮೊದಲ ಫೋನನ್ನು ಪರಿಶೀಲಿಸಬೇಕು. ಎರಡರಲ್ಲಿಯೂ ಬಾರದಿದ್ದರೆ ರೌಟರ್ ಅಥವಾ ಹೊರಗಿನ ಕೇಬಲ್ ಕಡೆ ಗಮನಹರಿಸಬೇಕು. ನಂತರ ಫೋನಿನ ಪರದೆಯಲ್ಲಿ ಕಾಣುವುದನ್ನು ಆಧರಿಸಿ ಮುಂದುವರಿಯಬಹುದು.

1. ವೈ-ಫೈ ಹೆಸರೇ ಕಾಣದಿದ್ದರೆ: ಫೋನನ್ನು ರೌಟರ್ ಸಮೀಪಕ್ಕೆ ಒಯ್ಯಬೇಕು. 5 ಗಿಗಾಹರ್ಟ್ಸ್ ಸಂಕೇತವು ದಪ್ಪ ಗೋಡೆಗಳಾಚೆ ಬೇಗ ಕ್ಷೀಣಿಸುತ್ತದೆ. ಕೆಲವು ಹಳೆಯ ಫೋನುಗಳು 2.4 ಗಿಗಾಹರ್ಟ್ಸ್ ಸಂಕೇತವನ್ನು ಮಾತ್ರ ಗ್ರಹಿಸುತ್ತವೆ. ಅಂತಹ ಸಂದರ್ಭದಲ್ಲಿ ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್ ಚಾಲನೆಯಲ್ಲಿರಬೇಕು.

2. ಪಾಸ್‌ವರ್ಡ್ ತಪ್ಪೆಂದು ತೋರಿಸಿದರೆ: ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳನ್ನು ಇದ್ದಂತೆಯೇ ನಮೂದಿಸಬೇಕು. ಕೀಬೋರ್ಡ್ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಿಸಬೇಕು. ಕಣ್ಣಿನ ಚಿಹ್ನೆಯನ್ನು ಒತ್ತಿದರೆ ನಮೂದಿಸಿದ ಅಕ್ಷರಗಳು ಕಾಣುತ್ತವೆ. ರೌಟರ್‌ನ ಪಾಸ್‌ವರ್ಡ್ ಬದಲಾಗಿದ್ದರೆ, ಫೋನಿನಲ್ಲಿ ‘ಫರ್ಗೆಟ್’ ಆಯ್ಕೆಯಿಂದ ಹಳೆಯದನ್ನು ತೆಗೆದು ಹೊಸದಾಗಿ ಜೋಡಿಸಬೇಕು.

3. ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬಲ್ಲಿಯೇ ನಿಂತರೆ: ರೌಟರ್‌ನಿಂದ ಫೋನಿಗೆ ವಿಳಾಸ ದೊರೆತಿಲ್ಲವೆಂದು ಅರ್ಥ. ರೌಟರ್‌ನ ವಿದ್ಯುತ್ತನ್ನು ಅರ್ಧ ನಿಮಿಷ ನಿಲ್ಲಿಸಿ ಮತ್ತೆ ನೀಡಬೇಕು. ಫೋನನ್ನೂ ಒಮ್ಮೆ ರೀಸ್ಟಾರ್ಟ್ ಮಾಡಬೇಕು.

4. ‘ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ’ ಎಂದಿದ್ದರೆ: ಫೋನು ರೌಟರ್‌ವರೆಗೆ ತಲುಪಿದೆ. ಫೈಬರ್ ಸಾಧನದಲ್ಲಿ ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಕೇಬಲಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲ. ಕೇಬಲ್ ತುಂಡಾಗಿರಬಹುದು ಅಥವಾ ಕಳಚಿರಬಹುದು. ದೀಪ ಸರಿಯಿದ್ದರೆ ಶುಲ್ಕ ಬಾಕಿ ಇದೆಯೇ ಎಂದು ನೋಡಬೇಕು. ಒಂದೇ ಫೋನಿನಲ್ಲಿ ಈ ತೊಂದರೆ ಇದ್ದರೆ ಅದರ ದಿನಾಂಕ ಮತ್ತು ಸಮಯವನ್ನು ಪರಿಶೀಲಿಸಬೇಕು. ಅವು ತಪ್ಪಾಗಿದ್ದರೆ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ.

ಎಚ್ಚರಿಕೆಗಳು: ಇವುಗಳಿಂದ ಪರಿಹಾರವಾಗದಿದ್ದರೆ ಫೋನಿನ ‘ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್’ ಬಳಸಬಹುದು. ಇದರಿಂದ ಉಳಿಸಿದ ವೈ-ಫೈ ಪಾಸ್‌ವರ್ಡ್‌ಗಳು ಹಾಗೂ ಬ್ಲೂಟೂತ್ ಜೋಡಣೆಗಳು ಅಳಿಯುತ್ತವೆ, ಛಾಯಾಚಿತ್ರಗಳು ಉಳಿಯುತ್ತವೆ. ರೌಟರ್ ಹಿಂಬದಿಯ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಒತ್ತಬಾರದು. ಸೇವಾದಾರರು ಅಳವಡಿಸಿದ ವಿವರಗಳು ಅಳಿಸಿಹೋಗುವ ಸಂಭವವಿದೆ. ಕಳಚಿದ ಫೈಬರ್ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಬಾರದು.

ದೂರು ದಾಖಲಿಸುವಾಗ ಎಷ್ಟು ಫೋನುಗಳಲ್ಲಿ ತೊಂದರೆಯಿದೆ, ಪರದೆಯ ಮೇಲಿನ ಸಂದೇಶವೇನು, ಯಾವ ದೀಪ ಕೆಂಪಾಗಿದೆ ಎಂಬ ಮೂರು ವಿವರಗಳನ್ನು ತಿಳಿಸಿದಲ್ಲಿ ದುರಸ್ತಿ ಸುಲಭವಾಗುತ್ತದೆ. ಸದಸ್ಯರು ಈ ಕ್ರಮವನ್ನು ತಮ್ಮ ವಾರ್ಡಿನ ನಿವಾಸಿಗಳಿಗೆ, ವಿಶೇಷವಾಗಿ ಕಾಯಕ ಬಂಧುಗಳಿಗೆ, ತಿಳಿಸಿಕೊಡುವುದು ಸೂಕ್ತ.